ಎಳೆಗೂಸನ್ನು ಕಡಲಿಗೆ ಒಯ್ಯಬಹುದೆ?

ತಾನಾಗಿ ಹೊರಡಲಾರದ, ಬರುವುದಿಲ್ಲ ಎನ್ನಲೂ ಬಾಯಿ ಬಾರದ ಒಂದು ಜೀವವನ್ನು ನಮ್ಮ ಸಂತೋಷಕ್ಕಾಗಿ ಸಾವಿರಾರು ಮೈಲು ದೂರ ಹೊತ್ತುಕೊಂಡು ಹೋಗುವುದು ಸರಿಯೆ? ಪ್ರಶ್ನೆಯನ್ನು ಹೀಗಿಟ್ಟರೆ ತಾಳಮದ್ದಳೆಯ ಅರ್ಥಧಾರಿಗಳ ವಾದದಂತೆ ಕೇಳಿಸೀತು. ಆದರೆ ಬೆಳ್ಳೂರಿನಂತಹ ಒಳನಾಡಿನ ಊರಿನಲ್ಲೂ ಈಗ ಇದು ನಿತ್ಯದ ಮಾತು. ಮುಳ್ಳೇರಿಯದಲ್ಲಿ ಬಸ್ಸಿಗೆ ಕಾಯುವಾಗ, ಮದುವೆಮನೆಯ ಊಟದ ಹಂತಿಯಲ್ಲಿ ಕುಳಿತಾಗ ಸುದ್ದಿ ಕಿವಿಗೆ ಬೀಳುತ್ತದೆ. ಇಂಥವರ ಮಗಳು, ಅಳಿಯ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಬಾಲಿಗೋ ಥಾಯ್ಲೆಂಡಿಗೋ ಹೋಗಿದ್ದಾರಂತೆ, ಕಡಲ ಕರೆಯಲ್ಲಿ ಒಂದು ವಾರ ಇರುತ್ತಾರಂತೆ. ಕೇಳಿದವರಲ್ಲಿ ಅರ್ಧ ಮಂದಿ "ಎಂಥ ಧೈರ್ಯ!" ಎನ್ನುತ್ತಾರೆ. ಉಳಿದ ಅರ್ಧ ಮಂದಿಯೂ ಅದೇ ಮಾತನ್ನು ಹೇಳುತ್ತಾರೆ, ಸ್ವರ ಮಾತ್ರ ಬೇರೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನ್ನ ಮನೆಗೂ ಈ ಪ್ರಶ್ನೆ ಫೋನಿನ ಮೂಲಕ ಬಂತು. ಮಗಳು, ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಹೆಣ್ಣು ಮಗು, ಆಗ ಐದು ತಿಂಗಳು ತುಂಬುತ್ತಿತ್ತು. ಡಿಸೆಂಬರಿನಲ್ಲಿ ಮಾಲ್ದೀವ್ಸ್ ದ್ವೀಪಕ್ಕೆ ಹೋಗಿ ಏಳು ದಿನ ಇದ್ದು, ಅಲ್ಲಿಂದ ಊರಿಗೆ ಬಂದು ಹೋಗುವುದೆಂದು ಅವರ ಯೋಚನೆ. "ಮಗುವೂ ಕಡಲು ನೋಡಲಿ ಅಮ್ಮಾ" ಎಂದಳು. ಆ ವಾಕ್ಯದ ಮೇಲೆ ನಾನು ಬಹಳ ದಿನ ಯೋಚಿಸಿದೆ.

ಐದು ತಿಂಗಳ ಮಗು ಕಡಲನ್ನು ನೋಡುತ್ತದೆಯೆ? ಅದು ನೋಡುವುದು ಅಮ್ಮನ ಮುಖವನ್ನು, ಆ ಮುಖದ ಹಿಂದೆ ಅಲುಗಾಡುವ ಬೆಳಕನ್ನು. ಅರಬ್ಬೀ ಸಮುದ್ರವಾದರೂ ಅಂಗಳದಲ್ಲಿ ಒಣಹಾಕಿದ ಬಿಳಿ ಮುಂಡಾದರೂ ಅದರ ಕಣ್ಣಿಗೆ ಬಹುಶಃ ಒಂದೇ ಅಚ್ಚರಿ. ನೆನಪು ಉಳಿಯುವುದಂತೂ ಇಲ್ಲ. ನಮ್ಮಲ್ಲಿ ಯಾರಿಗೂ ಎರಡು, ಮೂರು ವರ್ಷಕ್ಕಿಂತ ಹಿಂದಿನದು ನೆನಪಿರುವುದಿಲ್ಲ, ಇದ್ದಂತೆ ತೋರುವುದು ಹಿರಿಯರು ಹೇಳಿ ಕೇಳಿದ್ದು. ಹಾಗೆಂದು ನೆನಪಿಲ್ಲದ್ದೆಲ್ಲ ವ್ಯರ್ಥವೆನ್ನಲಾಗದು. ನಮ್ಮನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ ಅಜ್ಜಿಯ ಕೈ ನಮಗೆ ನೆನಪಿಲ್ಲ, ಆದರೆ ಆ ಕೈಯಿಂದಲೇ ಬೆಳೆದೆವು. ಆದ್ದರಿಂದ ನೆನಪಿನ ವಾದವನ್ನು ಬದಿಗಿಟ್ಟು, "ಮಗುವಿಗಾಗಿ" ಎಂಬ ಒಂದು ಶಬ್ದವನ್ನು ಮಾತ್ರ ಹಿಡಿದುಕೊಳ್ಳೋಣ. ಈ ಪ್ರಯಾಣ ಮಗುವಿಗಾಗಿ ಅಲ್ಲ. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಪ್ರಯಾಣದ ಭಾರವಾದರೋ ಮಗುವಿನ ಪಾಲಿಗೂ ಬರುತ್ತದೆ, ನಮಗಿಂತ ಹೆಚ್ಚೇ ಬರುತ್ತದೆ. ವಿಮಾನ ಎಷ್ಟೇ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಊಟಿಯ ಎತ್ತರ ಏಳು ಸಾವಿರ ಅಡಿಗೆ ಮಿಕ್ಕಿದೆ, ಅಂದರೆ ಹತ್ತು ಗಂಟೆ ಕಾಲ ಊಟಿಯಲ್ಲಿ ಕುಳಿತ ಹಾಗೆ. ಆರೋಗ್ಯವಂತ ಶಿಶುವಿಗೆ ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎದೆಯ, ಶ್ವಾಸದ ತೊಂದರೆ ಇರುವ ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಾದರೆ ವೈದ್ಯರನ್ನು ಕೇಳದೆ ಹೊರಡಬಾರದು. ವಿಮಾನ ಇಳಿಯುವಾಗ ಕಿವಿಯ ಒಳಗೆ ಬಿಗಿಯಾಗುತ್ತದೆ. ನಾವು ಉಗುಳು ನುಂಗುತ್ತೇವೆ, ಮಗುವಿಗೆ ಅದು ತಿಳಿಯದು, ಆದ್ದರಿಂದ ಆ ಹೊತ್ತಿಗೆ ಮೊಲೆ ಕೊಡಬೇಕು. ಇಷ್ಟನ್ನು ಈಗಿನ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ಕಡಲ ಕರೆಯ ಕಷ್ಟ ಬೇರೆ ಜಾತಿಯದು. ಶಿಶುವಿನ ಚರ್ಮ ತೆಳು. ತೂಕಕ್ಕೆ ಹೋಲಿಸಿದರೆ ಮೈಯ ಹರವು ನಮಗಿಂತ ಹೆಚ್ಚು, ಬೆವರಿ ತಣಿಯುವ ಶಕ್ತಿ ಕಡಿಮೆ. ಆರು ತಿಂಗಳೊಳಗಿನ ಶಿಶುವನ್ನು ನೇರ ಬಿಸಿಲಿಗೆ ಒಡ್ಡಲೇಬಾರದು, ಬಿಸಿಲಿಗೆ ಹಚ್ಚುವ ಕ್ರೀಮನ್ನು ನೆಚ್ಚಿಕೊಳ್ಳಲೂ ಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮರಳು ಮತ್ತು ನೀರು ಬಿಸಿಲನ್ನು ತಿರುಗಿ ಎಸೆಯುವುದರಿಂದ ಕೊಡೆಯ ನೆರಳೂ ಪೂರ್ತಿ ನೆರಳಲ್ಲ. ಸೆಕೆಯೆಂದು ನೀರು ಕುಡಿಸುವಂತೆಯೂ ಇಲ್ಲ. ಮೊದಲ ಆರು ತಿಂಗಳು ಎದೆಹಾಲೇ ಸಾಕು, ನೀರು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಡಾರದ ಲಸಿಕೆ ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ, ಇಂಗ್ಲೆಂಡಿನಲ್ಲಿ ವರ್ಷ ತುಂಬಿದ ಮೇಲೆ. ಪ್ರಯಾಣವಿದ್ದರೆ ಆರು ತಿಂಗಳಾದ ಮೇಲೆ ಮುಂಚಿತವಾಗಿ ಕೊಡುವುದುಂಟು, ಅದಕ್ಕಿಂತ ಮೊದಲು ಇಲ್ಲ. ಇನ್ನು ಮಾಲ್ದೀವ್ಸಿನ ದೊಡ್ಡ ಆಸ್ಪತ್ರೆ ಇರುವುದು ರಾಜಧಾನಿ ಮಾಲೆಯಲ್ಲಿ. ದೂರದ ದ್ವೀಪಗಳಿಂದ ಪ್ರವಾಸಿಗಳು ಬಂದು ಹೋಗುವುದು ನೀರಿನ ಮೇಲಿಳಿಯುವ ಸಣ್ಣ ವಿಮಾನದಲ್ಲಿ, ಅದು ಹಾರುವುದು ಹಗಲು ಮಾತ್ರ. ಮಕ್ಕಳ ಜ್ವರ ಏರುವುದು ಹೆಚ್ಚಾಗಿ ರಾತ್ರಿ ಎಂಬುದು ಮಕ್ಕಳನ್ನು ಸಾಕಿದ ಎಲ್ಲರಿಗೂ ಗೊತ್ತು.

ಆಸ್ಪತ್ರೆ ದೂರವಾದರೆ ಏನಾಗುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರು ಇದ್ದಲ್ಲೇ ಇತ್ತು, ರೋಗಿಗಳು ದಾರಿಯಲ್ಲಿ ಉಳಿದರು, ಕೆಲವರು ತೀರಿಯೂ ಹೋದರು.

ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂದು ನೋಡಿದರೆ, ಮಗು ಲೋಕಕ್ಕೆ ಬರುವುದಕ್ಕೂ ಒಂದು ಕ್ರಮವಿಟ್ಟಿದ್ದರು. ನಿಷ್ಕ್ರಮಣವೆಂಬ ಸಂಸ್ಕಾರವನ್ನು ಈಗ ಹೆಸರಿಟ್ಟು ಮಾಡುವವರು ವಿರಳ. ನಾಲ್ಕನೆಯ ತಿಂಗಳಿನಲ್ಲಿ ಮಗುವನ್ನು ಮನೆಯಿಂದ ಹೊರಗೆ ತರಬೇಕೆಂದು ಮನುಸ್ಮೃತಿ ಹೇಳುತ್ತದೆ, ಅನ್ನಪ್ರಾಶನ ಆರನೆಯ ತಿಂಗಳಿಗೆ. ಅಂದರೆ ಮೊದಲು ಕೋಣೆ, ಆಮೇಲೆ ಚಾವಡಿ, ಆಮೇಲೆ ಅಂಗಳ. ಹೊರಗಿನ ಬೆಳಕಿಗೆ ಕರೆತರುವುದೇ ಒಂದು ಸಮಾರಂಭವಾಗಿತ್ತು. ಕಡಲಿಗಂತೂ ಹಿರಿಯರು ಸಂತೋಷಕ್ಕೆಂದು ಹೋದವರೇ ಅಲ್ಲ. ಆಟಿ ಅಮಾವಾಸ್ಯೆಗೆ ಬೇಕಲದ ಹತ್ತಿರ ತೃಕ್ಕನ್ನಾಡಿನ ಕಡಲ ಕರೆಗೆ ಹೋಗಿ ಪಿತೃಗಳಿಗೆ ಪಿಂಡ ಬಿಟ್ಟು ಮಿಂದು ಬರುವುದು, ಕನ್ನಡದವರಿಗೂ ಮಲಯಾಳದವರಿಗೂ ಕಡಲೆಂದರೆ ಅದು. ತೀರಿಹೋದವರ ಲೆಕ್ಕದಲ್ಲಿದ್ದ ಕಡಲಿಗೆ ಹುಟ್ಟಿದ ಮಗುವನ್ನು ಒಯ್ಯುವುದೆಂದರೆ ನಮ್ಮ ಅಜ್ಜಿಯಂದಿರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬಿಳಿಯರಿಗೂ ಕಡಲು ಮೊದಲು ಆಟದ ಜಾಗವಾಗಿರಲಿಲ್ಲ. 1750ರಲ್ಲಿ ರಿಚರ್ಡ್ ರಸೆಲ್ ಎಂಬ ಇಂಗ್ಲಿಷ್ ವೈದ್ಯ ಸಮುದ್ರದ ನೀರಿನ ಔಷಧಗುಣದ ಬಗ್ಗೆ ಲ್ಯಾಟಿನಿನಲ್ಲಿ ಒಂದು ಗ್ರಂಥ ಬರೆದ, ಬಳಲಿದವರು ಬ್ರೈಟನ್ ಎಂಬಲ್ಲಿಗೆ ಮದ್ದಿಗೆ ಹೋದಂತೆ ಹೋಗತೊಡಗಿದರು. ಇದನ್ನು ಸ್ವಲ್ಪ ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ "ಮಗು ಮನೆಯಲ್ಲೇ ಇರಲಿ, ಮನೆಯೇ ಕ್ಷೇಮ" ಎಂದು ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಬೆಳ್ಳೂರಿನಲ್ಲಿ ಕುಳಿತು ಆ ಮಾತನ್ನು ಅಷ್ಟು ಸುಲಭವಾಗಿ ಹೇಳಲು ಬಾರದು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಸುತ್ತಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಬಾಧಿತವೆಂದು ಗುರುತಿಸಿದ ಹನ್ನೊಂದು ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. ಎಣ್ಮಕಜೆಯ ಪಡ್ರೆಯವರಾದ ಶ್ರೀಪಡ್ರೆ ಹುಟ್ಟುಕರುಗಳ ಅಂಗವೈಕಲ್ಯದ ಬಗ್ಗೆ ಬಹಳ ಹಿಂದೆಯೇ ಬರೆದಿದ್ದರು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ವಿಪರೀತವಿದೆ ಎಂದು ಸಾರಿ ಹೇಳುತ್ತ ಬಂದರು. ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ, ಬಾಧಿತರಿಗೆ ತಲಾ ಐದು ಲಕ್ಷ ಕೊಡಿ ಎಂದದ್ದು 2017ರಲ್ಲಿ. ಆ ಮಕ್ಕಳ ತಾಯಂದಿರು ಯಾವ ದ್ವೀಪಕ್ಕೂ ಹೋದವರಲ್ಲ. ಬಾವಿಯ ನೀರು ಸೇದಿ ಕುಡಿದರು, ಮಗುವಿನ ಬಟ್ಟೆಯನ್ನು ಅಂಗಳದಲ್ಲಿ ಒಣಗಿಸಿದರು, ಸಂಜೆ ತೊಟ್ಟಿಲನ್ನು ಜಗಲಿಗೆ ತಂದರು. ಶಾಸ್ತ್ರ ಹೇಳಿದ ಕ್ರಮವನ್ನೇ ಪಾಲಿಸಿದರು ಎನ್ನಬೇಕು. ನಾಲ್ಕನೆಯ ತಿಂಗಳಿನಲ್ಲಿ ಮಗುವಿಗೆ ತೋರಿಸಿದ ಆಕಾಶದಲ್ಲಿ ಏನಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ. ಇಂಥ ಊರಿನವರು ಬೇರೆಯವರ ಮಗುವಿನ ಪ್ರಯಾಣವನ್ನು ಕಂಡು "ಅಪಾಯ, ಅಪಾಯ" ಎನ್ನುವಾಗ ಒಮ್ಮೆ ನಾಲಿಗೆ ತಡೆಯಬೇಕು. ಅಪಾಯವಿದೆ ಎಂದ ಮಾತ್ರಕ್ಕೆ ತಪ್ಪಾಗುವುದಿಲ್ಲ. ಆ ಅಪಾಯವನ್ನು ಯಾರು ಆರಿಸಿದರು, ಯಾರ ಸಲುವಾಗಿ, ಯಾರು ಹೊತ್ತರು ಎಂದು ಕೇಳಬೇಕಾಗುತ್ತದೆ.

ಇನ್ನೊಂದು ವಿಚಾರ. ಕಾಸರಗೋಡಿನಿಂದ ಗಲ್ಫಿಗೆ ಹೋದವರ ಮನೆಗಳಲ್ಲಿ ಹೆರಿಗೆಗೆಂದು ಊರಿಗೆ ಬಂದ ಹೆಂಗಸು ಮೂರು ತಿಂಗಳ ಮಗುವನ್ನು ಎತ್ತಿಕೊಂಡು ವಿಮಾನ ಹತ್ತುವುದು ಎಷ್ಟೋ ವರ್ಷಗಳಿಂದ ನಡೆದುಬಂದದ್ದು. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹೊಟ್ಟೆಪಾಡು, ಗಂಡ ಅಲ್ಲಿದ್ದಾನೆ, ಹೋಗಲೇಬೇಕು. ಮಗುವಿನ ಕಿವಿಗಾದರೆ ಎರಡೂ ವಿಮಾನಗಳು ಒಂದೇ. ದುಬಾಯಿಯ ಬಿಸಿಲೂ ಮಾಲ್ದೀವ್ಸಿನ ಬಿಸಿಲೂ ಅದರ ಚರ್ಮಕ್ಕೆ ಒಂದೇ. ದುಡಿಮೆಗಾಗಿ ಮಗುವನ್ನು ಹೊತ್ತರೆ ಒಪ್ಪುವ ನಾವು ವಿಶ್ರಾಂತಿಗಾಗಿ ಹೊತ್ತರೆ ಹುಬ್ಬೇರಿಸುತ್ತೇವೆ. ಈ ಭೇದ ಎಲ್ಲಿಂದ ಬಂತು? ವಿಶ್ರಾಂತಿ ಅಗತ್ಯವಲ್ಲ, ಅದೊಂದು ಶೋಕಿ ಎಂಬ ಭಾವನೆ ನಮ್ಮೊಳಗೆ ಗಟ್ಟಿಯಾಗಿದೆ, ಅದರಲ್ಲೂ ವಿಶ್ರಾಂತಿ ಕೇಳುವವಳು ಹೆಂಗಸಾದರೆ.

ಎರಡನೆಯ ಸಲ ಫೋನು ಮಾಡಿದಾಗ ನಾನು ಮಗಳನ್ನು ಬಿಸಿಲಿನ ಬಗ್ಗೆಯಾಗಲಿ ಲಸಿಕೆಯ ಬಗ್ಗೆಯಾಗಲಿ ಕೇಳಲಿಲ್ಲ. "ಯಾಕೆ ಹೋಗಬೇಕೆಂದು ತೋರಿತು?" ಎಂದಷ್ಟೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮಾ, ನಾನು ಐದು ತಿಂಗಳಿನಿಂದ ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಇಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಇಡೀ ದಿನ ನಾನು, ಇದು, ಗೋಡೆ. ಅಲ್ಲಿ ಯಾರಾದರೂ ಅಡಿಗೆ ಮಾಡಿ ಹಾಕುತ್ತಾರಲ್ಲ" ಎಂದಳು.

ಅಲ್ಲಿನ ಕಾನೂನಿನಂತೆ ತಾಯಿಗೆ ಐವತ್ತೆರಡು ವಾರಗಳ ತನಕ ರಜೆ ಇದೆ, ತಂದೆಗೆ ಎರಡು ವಾರ. ಎರಡು ವಾರ ಕಳೆದು ಅಳಿಯ ಕೆಲಸಕ್ಕೆ ಹೋದ ಮೇಲೆ ಅವಳಿಗೆ ಇದ್ದದ್ದು ರಜೆಯೊಂದೇ, ಕೈಗಳು ಯಾರವೂ ಇಲ್ಲ. ನಮ್ಮಲ್ಲಿ ಇದಕ್ಕೆ ಬಾಣಂತನ ಎಂಬ ವ್ಯವಸ್ಥೆ ಇತ್ತು, ಮಲಯಾಳದಲ್ಲಿ ಪ್ರಸವರಕ್ಷ ಎನ್ನುತ್ತಾರೆ. ನಲವತ್ತು ದಿನ ಅವಳು ಒಲೆಯ ಹತ್ತಿರ ಬರುವಂತಿರಲಿಲ್ಲ. ಬೆಳಿಗ್ಗೆ ಬಚ್ಚಲುಮನೆಯ ಹಂಡೆಯ ನೀರು ಕುದಿಯುತ್ತಿತ್ತು. ಮೀಯಿಸುವ ಹೆಂಗಸು ಬಂದು ಮೈಗೆ ಎಣ್ಣೆ ಹಚ್ಚಿ ತಿಕ್ಕಿ, ಸೊಂಟಕ್ಕೆ ನೀರು ಬೀಸಿ ಹೊಯ್ದು, ಹೊಟ್ಟೆಗೆ ಬಟ್ಟೆ ಬಿಗಿದು ಮಲಗಿಸುತ್ತಿದ್ದಳು. ಆಮೇಲೆ ಕಾಲು ನೀಡಿ ಕುಳಿತು ಮಗುವನ್ನು ಮೀಯಿಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದರೆ ತಾಯಿಗೂ ಮಗುವಿಗೂ ಒಟ್ಟಿಗೆ ಎರಡು ಗಂಟೆ ನಿದ್ದೆ. ಎಚ್ಚರವಾದಾಗ ಮಗು ಯಾರದೋ ತೊಡೆಯಲ್ಲಿರುತ್ತಿತ್ತು. ಕಾಳುಮೆಣಸು, ಬೆಳ್ಳುಳ್ಳಿ ಹಾಕಿದ ಸಾರು ಬಾಗಿಲಿಗೆ ಬರುತ್ತಿತ್ತು. ಅದರಲ್ಲಿ ಎಲ್ಲವೂ ಒಳ್ಳೆಯದೆಂದು ಹೊಗಳಲು ನಾನು ಕುಳಿತಿಲ್ಲ. ಬಾಣಂತಿಗೆ ನೀರು ಕುಡಿಯಗೊಡದ ಮನೆಗಳಿದ್ದವು, ಗಾಳಿ ಬೆಳಕಿಲ್ಲದ ಕೋಣೆಗಳಿದ್ದವು, ಹೊಗೆಯಿಂದ ಕೆಮ್ಮುವ ಶಿಶುಗಳಿದ್ದವು. ಕೂಲಿಗೆ ಹೋಗುವ ಹೆಂಗಸಿಗೆ ನಲವತ್ತು ದಿನವೆಲ್ಲಿಂದ? ಹತ್ತು ದಿನವೂ ಕಷ್ಟ. ಆದರೂ ಹೆತ್ತವಳ ಆಯಾಸ ಅವಳೊಬ್ಬಳ ಪಾಲಿನದಲ್ಲ, ಮನೆಯವರೆಲ್ಲರೂ ಕೈ ಹಾಕಬೇಕಾದ ಕೆಲಸ ಎಂಬ ತಿಳಿವಳಿಕೆ ಅಲ್ಲಿತ್ತು.

ಮಗಳು ದುಡ್ಡು ಕೊಟ್ಟು ಕೊಳ್ಳಲು ಹೊರಟದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಬಿಸಿನೀರು, ಬಿಸಿಲು, ಮಾಡಿ ಬಡಿಸುವವರು, ಹಾಸಿ ಮಡಿಸುವವರು. ದ್ವೀಪದ ಹೋಟೆಲಿನ ಚಿತ್ರಪುಸ್ತಕದಲ್ಲಿ ಕಡಲಿನ ಬಣ್ಣವನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಬಾಣಂತಿ ಕೋಣೆ. ಆ ಇಂಗ್ಲಿಷ್ ವೈದ್ಯನ ಕಾಲದಲ್ಲಿದ್ದಂತೆ ಇವಳಿಗೂ ಕಡಲೊಂದು ಮದ್ದು. ಮದ್ದು ಬೇಕಾದವಳನ್ನು ಶೋಕಿಯವಳೆಂದು ಹೀಗಳೆಯುವುದು ಅನ್ಯಾಯ. ಆದರೆ ತಾಯಿಯ ಮದ್ದಿನ ಕಹಿಯನ್ನು ಮಗು ಕುಡಿಯಬೇಕಾಗಿ ಬರಬಾರದು. ಈ ಎರಡರ ನಡುವೆ ದಾರಿ ಹುಡುಕಬೇಕು.

ನಮ್ಮ ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪದ ವಿಚಾರ ಬರುತ್ತದೆ. ನಂಬಿಕೆಯಿಂದ ಒಬ್ಬರು ಇಟ್ಟುಹೋದ ವಸ್ತುವನ್ನು ಇಟ್ಟುಕೊಂಡವನು ತನ್ನಿಷ್ಟದಂತೆ ಬಳಸಕೂಡದು, ಬಳಸಿದರೆ ದಂಡ. ಎಳೆಗೂಸು ಒಂದು ಬಗೆಯ ನಿಕ್ಷೇಪವೆಂದು ನನಗೆ ತೋರುತ್ತದೆ. ಇಟ್ಟವನು ಮುಂದೆ ಬೆಳೆದು ಬರಲಿರುವ ಆ ಮನುಷ್ಯನೇ; ಇಪ್ಪತ್ತು ವರ್ಷ ಕಳೆದು ಬಂದು ತನ್ನ ಕಣ್ಣು, ಕಿವಿ, ಎಲುಬುಗಳ ಲೆಕ್ಕ ಕೇಳುತ್ತಾನೆ. ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ ಎನ್ನುವುದೂ ನಿಜ. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟರೆ ಕೆಡದು, ಮಗುವನ್ನು ಇಟ್ಟರೆ ಕೆಡುತ್ತದೆ. ಜೊತೆಗೆ, ಚಿನ್ನ ಕಾಯುವವನ ಆರೋಗ್ಯದಿಂದ ಚಿನ್ನದ ತೂಕ ಬದಲಾಗದು. ನಿದ್ದೆಗೆಟ್ಟ ತಾಯಿಯ ಕೈಯಲ್ಲಿರುವ ಮಗುವಿನ ಕ್ಷೇಮ ಹಾಗಲ್ಲ. ತಾಯಿಯ ವಿಶ್ರಾಂತಿ ಮಗುವಿನ ಹಿತದೊಳಗೇ ಸೇರಿದ್ದು. ಇದು ಗೊತ್ತಿದ್ದೇ ಹಿರಿಯರು ಮೊದಲು ತಾಯಿಯನ್ನು ಮೀಯಿಸಿ ಮಲಗಿಸಿ ಆಮೇಲೆ ಮಗುವನ್ನು ಮುಟ್ಟುತ್ತಿದ್ದರು ಎಂದು ಕಾಣುತ್ತದೆ.

ಹಾಗಾದರೆ ಹೋಗುವವರು ತಮ್ಮನ್ನು ಏನೆಂದು ಕೇಳಿಕೊಳ್ಳಬೇಕು? ಅರ್ಧದಲ್ಲಿ ಹಿಂದಿರುಗಲು ಸಿದ್ಧರಿದ್ದೇವೆಯೆ ಎಂದು ಕೇಳಿಕೊಂಡರೆ ಸಾಕೆಂದು ನನಗನ್ನಿಸುತ್ತದೆ. ಮುಂಗಡ ಕಟ್ಟಿದ ಹಣ ಹಿಂದೆ ಬಾರದು ಎಂಬ ಕಾರಣಕ್ಕೆ ಮೈ ಬೆಚ್ಚಗಾದ ಮಗುವನ್ನು ವಿಮಾನ ಹತ್ತಿಸಿದರೆ, ಅಲ್ಲಿಗೆ ಮಗು ಪ್ರಯಾಣದ ಸಾಮಾನಾಯಿತು. ಕಡಲಿಗೆ ಹತ್ತು ಹೆಜ್ಜೆಯಿರುವಾಗ ಮಗು ಬಿಸಿಲಿಗೆ ಮುಖ ಕಿವುಚಿತೆಂದು ಕೋಣೆಗೆ ತಿರುಗಿ ಬಂದು, ಏಳು ದಿನವೂ ಕಿಟಕಿಯಿಂದಲೇ ಕಡಲು ನೋಡಿ ಬೇಸರವಿಲ್ಲದೆ ಮನೆಗೆ ಬರಬಲ್ಲವರು ಮಗುವನ್ನು ಎಲ್ಲಿಗಾದರೂ ಒಯ್ಯಲಿ. ಅಂಥವರು ಕಡಿಮೆ. ನಾವೂ ಅಜ್ಜ ಅಜ್ಜಿಯರು, "ಒಮ್ಮೆ ತಂದು ತೋರಿಸಿ, ಕಣ್ಣು ಮುಚ್ಚುವ ಮೊದಲು ನೋಡುತ್ತೇವೆ" ಎಂದು ಅಳುವವರು, ಇದೇ ಲೆಕ್ಕಕ್ಕೆ ಬರುತ್ತೇವೆ. ನಮ್ಮ ಆಸೆಯೂ ಮಗುವಿನ ಹೆಸರಿನಲ್ಲಿ ಹೊರಟ ನಮ್ಮ ಪ್ರವಾಸವೇ.

ಮಗಳಿಗೆ ನಾನು ಮಾಲ್ದೀವ್ಸಿಗೆ ಹೋಗಬೇಡ ಎನ್ನಲಿಲ್ಲ. ಇಲ್ಲಿಗೆ ಬಂದು ಮಲಗು ಎಂದೆ. ಫೆಬ್ರವರಿಯಲ್ಲಿ ಬಂದರು, ಮಗುವಿಗೆ ಏಳನೆಯ ತಿಂಗಳು. ಹೆಣ್ಣು ಮಗುವಿಗೆ ಬೆಸ ತಿಂಗಳು ಆಗುತ್ತದೆಂದು ಅನ್ನಪ್ರಾಶನವನ್ನೂ ಮನೆಯವರಷ್ಟೇ ಸೇರಿ ಮಾಡಿದೆವು. ಊರಿನ ಮದುವೆಗಳಿಗೆ ಮಗುವನ್ನು ಒಯ್ಯಲಿಲ್ಲ, ಅದಕ್ಕೆ ಕೆಲವರಿಗೆ ಬೇಸರವೂ ಆಯಿತು. ಮೊದಲ ಹತ್ತು ದಿನ ಮಗಳು ಮಾಡಿದ್ದು ನಿದ್ದೆಯೊಂದೇ. ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಮಗು ನಡುರಾತ್ರಿ ಎದ್ದು ಆಡುತ್ತಿತ್ತು, ಆ ಹೊತ್ತಿಗೆ ನಾನೂ ನನ್ನ ತಂಗಿಯೂ ಸರದಿಯಲ್ಲಿ ಚಾವಡಿಯಲ್ಲಿ ಕುಳಿತೆವು. ಹಿಂದಿರುಗುವ ವಾರ ಒಂದು ಸಂಜೆ ಬೋವಿಕ್ಕಾನ, ಚೆರ್ಕಳ ದಾಟಿ ಬೇಕಲಕ್ಕೆ ಹೋದೆವು. ಇಕ್ಕೇರಿಯ ಶಿವಪ್ಪ ನಾಯಕನ ಕೋಟೆಯೆಂದು ಶಾಲೆಯ ಮಕ್ಕಳನ್ನು ನಾನು ಎಷ್ಟೋ ಸಲ ಕರೆದೊಯ್ದ ಜಾಗ. ಬಿಸಿಲು ಇಳಿದಿತ್ತು. ಮಗಳು ಒಬ್ಬಳೇ ನೀರಿನವರೆಗೆ ಹೋಗಿ ಬಹಳ ಹೊತ್ತು ನಿಂತಳು. ಮಗು ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು.

ಇದು ಎಲ್ಲರಿಗೂ ಆಗುವ ದಾರಿಯಲ್ಲ. ಬಂದು ಮಲಗಲು ತವರು ಇಲ್ಲದವರಿದ್ದಾರೆ, ಇದ್ದರೂ ತಾಯಿಯೇ ಹಾಸಿಗೆ ಹಿಡಿದಿರುವ ಮನೆಗಳಿವೆ. ಮಗು ಬರುವುದು ಬೇಡವೆಂದರೆ ಅಜ್ಜಿ ಹೋಗಬೇಕಾಗುತ್ತದೆ. ನಮ್ಮ ನೆರೆಕರೆಯ ಒಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದರು. ಹೊರಡುವ ಮೊದಲು ಕರೆಯುವ ಎರಡು ದನಗಳನ್ನು ಮಾರಿದರು. ಅಲ್ಲಿ ಕಾಲು ನೀಡಿ ಕುಳಿತುಕೊಳ್ಳುವಂಥ ಬಚ್ಚಲಿಲ್ಲದೆ ಅಡಿಗೆಮನೆಯ ಸಿಂಕಿನಲ್ಲಿ ಮೊಮ್ಮಗನನ್ನು ಮೀಯಿಸಿದ ಕಥೆಯನ್ನು ಅವರು ನಗುತ್ತ ಹೇಳುತ್ತಾರೆ. ಮಂಡಿನೋವಿನ ಆ ಹೆಂಗಸನ್ನು ಬರುತ್ತೀರಾ ಎಂದು ಯಾರೂ ಕೇಳಿರಲಿಲ್ಲ, ಟಿಕೆಟು ಬಂದಿತ್ತು. ಬಾಯಿ ಇದ್ದೂ ಇಲ್ಲವೆನ್ನದವರ ಒಪ್ಪಿಗೆಯನ್ನು ಯಾವ ಲೆಕ್ಕದಲ್ಲಿ ಹಿಡಿಯೋಣ?

ನನ್ನ ಯಜಮಾನರಿಗೆ ಪಾರ್ಶ್ವವಾಯುವಾಗಿ ನಾಲ್ಕು ವರ್ಷವಾಯಿತು. ಹಾಗಾಗಿ ನಾನು ಹೋಗುವ ಮಾತೇ ಬರಲಿಲ್ಲ. ಎರಡು ವರ್ಷ ತುಂಬುವ ತನಕ ಮಗುವಿಗೆ ವಿಮಾನದಲ್ಲಿ ಬೇರೆ ಆಸನ ಬೇಡ, ಟಿಕೆಟಿನ ಹಣವೂ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು. ಅಷ್ಟರೊಳಗೆ ಮಾಲ್ದೀವ್ಸಿಗೆ ಹೋಗಿ ಬರುವ ಯೋಚನೆ ಮಗಳು, ಅಳಿಯನಿಗೆ ಇನ್ನೂ ಇದೆ. ಈ ಸಲ ನೀನೂ ಬಾ ಎನ್ನುತ್ತಾಳೆ. ಯಜಮಾನರನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕಿದರೆ ನೋಡೋಣ ಎಂದಿದ್ದೇನೆ.